ದಬ್ಬಣದಿಂದ ಹೊಲಿದ ಗಣಿತ

ನಮ್ಮ ವೈನಿಯ ಮನೆಗೆ ನೀವು ಎಂದಾದರೂ ಹೋಗುವುದಾದರೆ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಚಹಾ ಬೇಕೆಂದರೆ ಗಣಿತ ಬರಬೇಕು! ನಗಬೇಡಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಘಟಪ್ರಭಾದ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನಾನೇ ಆ ಮನೆಯಲ್ಲಿ ಒಂದನೇ ತರಗತಿಯ ಪುಸ್ತಕದಲ್ಲಿ ನಪಾಸಾಗಿ, ಒಣ ಗಂಟಲಿನಿಂದ ಒಂದು ತಾಸು ಕುಳಿತಿದ್ದೇನೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹುಕ್ಕೇರಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮೂಡಲಗಿ ತಾಲ್ಲೂಕಿನ ಮಸಗುಪ್ಪಿಗೆ ಸೊಸೆಯಾಗಿ ಬಂದವರು. ಮುಖ ನೋಡಿದರೆ ಪಾಪದ ಹೆಣ್ಣುಮಗಳು ಎನಿಸುತ್ತದೆ. ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಊರಿನ ಪುಸ್ತಕದಂಗಡಿಯವರು ಮೊದಲು ಆ ಮುಖ ನೋಡಿಯೇ ಮೋಸಹೋದರು.

ಇದೆಲ್ಲ ಶುರುವಾದದ್ದು ಅವರ ದೊಡ್ಡ ಮಗಳಿಂದ. ಆಗ ಅವಳಿಗೆ ಆರು ವರ್ಷ, ಚಿಕ್ಕವಳಿಗೆ ನಾಲ್ಕು. ದೊಡ್ಡವಳು ಟೈ, ಬೂಟು ಹಾಕಿಕೊಂಡು ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಮಗ್ಗಿ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಉಳಿದ ಮಕ್ಕಳಿಂದ ಚಪ್ಪಾಳೆ ಹೊಡೆಸುತ್ತಿದ್ದರಂತೆ. ಎರಡು ಸಲ ಬೆಂಚು ಹತ್ತಿದ ಹುಡುಗಿ ಮೂರನೆಯ ಸಲ ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡಳು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಅವಳು ಅಂಕಿಗಳನ್ನು ಬಾಯಿಂದ ಆಡುವುದನ್ನೇ ಬಿಟ್ಟಳು. ಎಷ್ಟು ರೊಟ್ಟಿ ಬೇಕು ಎಂದರೆ ‘ಸಾಕು’ ಎನ್ನುವಳು. ವಯಸ್ಸೆಷ್ಟು ಎಂದು ಬೀಗರು ಕೇಳಿದರೆ ಅವ್ವನ ಸೆರಗಿನ ಹಿಂದೆ ಅಡಗುವಳು. ಬೆರಳು ತೋರಿಸೆಂದರೆ ಮುಷ್ಟಿ ಬಿಗಿಹಿಡಿಯುವಳು.

ವೈನಿ ಒಂದು ವಾರ ಸುಮ್ಮನೆ ನೋಡಿದರು. ಎಂಟನೆಯ ದಿನ ವ್ಯಾನಿನ ಡ್ರೈವರಿಗೆ ಇನ್ನು ಬರುವುದು ಬೇಡವೆಂದರು. ಒಂದು ವರ್ಷ ಮಗಳಿಗೆ ಓದು ಬರಹ, ಗಣಿತ ಎಲ್ಲ ಮನೆಯಲ್ಲೇ, ತಾನೇ ಕಲಿಸುವುದು, ಚಿಕ್ಕವಳೂ ಜೊತೆಗೆ ಕೂರುವುದು! ಅಣ್ಣ ತಲೆ ಕೆರೆದುಕೊಂಡ. ನನಗಂತೂ ಸಿಟ್ಟೇ ಬಂತು. ಮನೆಯಲ್ಲೇ ಶಾಲೆಯೆಂದರೆ ನಮ್ಮಂಥ ಮಾಸ್ತರರು ಯಾತಕ್ಕೆ? ಅಡುಗೆಮನೆಯಲ್ಲಿ ಯಾರಾದರೂ ಗಣಿತ ಕಲಿತದ್ದುಂಟೇ? ಹೀಗೆಲ್ಲ ಭಾಷಣ ಮಾಡಿದೆ. ವೈನಿ ಕಾಳು ಆರಿಸುತ್ತಲೇ ಕೇಳಿಸಿಕೊಂಡರು.

ಕೊನೆಗೆ ನಮ್ಮಪ್ಪ ನಡುವೆ ಬಂದು ರಾಜಿ ಮಾಡಿಸಿದ. ಮುಂದಿನ ಜೂನ್ ತನಕ ಗಡುವು. ಜೂನ್‌ನಲ್ಲಿ ಊರ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು ಪರೀಕ್ಷೆ ಮಾಡುತ್ತಾರೆ. ಹುಡುಗಿ ಬಾಯಿಬಿಟ್ಟು ಉತ್ತರ ಕೊಟ್ಟರೆ ಅಲ್ಲೇ ಎರಡನೇ ತರಗತಿಗೆ ಸೇರಿಸುವುದು. ಬಾಯಿ ಬಿಡದಿದ್ದರೆ ಮತ್ತೆ ಅದೇ ವ್ಯಾನು, ಅದೇ ಬೆಂಚು. ವೈನಿ ‘ಆತು’ ಎಂದು ಮೊರ ಕೊಡವಿ ಎದ್ದರು.

ಮರುದಿನವೇ ಪುಸ್ತಕದ ಬೇಟೆ ಶುರುವಾಯಿತು. ನೀವು ನಾವು ಪುಸ್ತಕ ಹೇಗೆ ಕೊಳ್ಳುತ್ತೇವೆ? ಮೇಲಿನ ಚಿತ್ರ ನೋಡುತ್ತೇವೆ, ಹಿಂದೆ ಮುಂದೆ ತಿರುವುತ್ತೇವೆ, ತರುತ್ತೇವೆ. ವೈನಿ ಗೋಕಾಕದ ಅಂಗಡಿಗೆ ಹೋಗಿ ಒಂದನೇ ತರಗತಿಯ ಗಣಿತದ ಪುಸ್ತಕ ಎಷ್ಟು ಬಗೆಯವು ಇವೆಯೋ ಅಷ್ಟನ್ನೂ ಇಳಿಸಿಕೊಂಡರು. ಬಾಗಿಲ ಬಾಜೂ ನೋಟ್‌ಬುಕ್ಕಿನ ಬಂಡಲಿನ ಮೇಲೆ ಕುಳಿತರು. ಚೀಲದಿಂದ ಪಾಟಿ, ಬಳಪ ತೆಗೆದು ಮೊದಲನೆಯ ಪುಟದ ಮೊದಲನೆಯ ಲೆಕ್ಕ ಬಿಡಿಸತೊಡಗಿದರು! ಚೀಲ ಹೊರಲು ಹೋಗಿದ್ದ ನಾನು ಅವರ ಪರಿಚಯವೇ ಇಲ್ಲದವನಂತೆ ಎದುರಿನ ಚಪ್ಪಲಿ ಅಂಗಡಿಯಲ್ಲಿ ನಿಂತುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನೇ ಸೋತು ಅವರಿಗೆ ಸ್ಟೂಲು ಕೊಟ್ಟ, ಚಹಾ ತರಿಸಿದ. ಮೂರು ಗಂಟೆಗೆ ನಾನು ಇಣುಕಿದಾಗ ಯಾರೋ ಗಿರಾಕಿ ಕಂಪಾಸ್ ಪೆಟ್ಟಿಗೆ ಎಲ್ಲಿದೆ ಎಂದು ವೈನಿಯನ್ನೇ ಕೇಳುತ್ತಿದ್ದ, ವೈನಿ ಬಳಪದಿಂದ ಎರಡನೆಯ ಸಾಲು ತೋರಿಸುತ್ತಿದ್ದರು, ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದೆ ತೂಕಡಿಸುತ್ತಿದ್ದ.

ಇಷ್ಟೆಲ್ಲ ಮಾಡಿ ಎಷ್ಟು ಪುಸ್ತಕ ತಂದರು ಎನ್ನುತ್ತೀರಿ? ಒಂದೂ ಇಲ್ಲ! ಒಂದರಲ್ಲಿ ಬರೀ ಸೇಬು. ಇನ್ನೊಂದರಲ್ಲಿ ಹಿಮದ ಬೊಂಬೆಗಳು, ಬಿಸಿಲಿಗೆ ಮೂರು ಕರಗಿದರೆ ಉಳಿದವು ಎಷ್ಟು ಎಂಬ ಲೆಕ್ಕ. ಮಸಗುಪ್ಪಿಯ ಮಗುವಿಗೆ ಮೊದಲು ಹಿಮ ತಿಳಿಸಬೇಕು, ಆಮೇಲೆ ಅದಕ್ಕೆ ಟೊಪ್ಪಿಗೆ ಯಾಕೆ ಹಾಕಿದರು ಎಂದು ತಿಳಿಸಬೇಕು, ಅಷ್ಟರಲ್ಲಿ ಕಳೆಯುವುದು ಮರೆತೇ ಹೋಗಿರುತ್ತದೆ. ಮತ್ತೊಂದು ದುಬಾರಿ ಪುಸ್ತಕದಲ್ಲಿ ಕಾಲು, ಅರ್ಧ, ಮುಕ್ಕಾಲು ಕಲಿಸಲು ಪಿಜ್ಜಾ ಕತ್ತರಿಸಿದ್ದರು. ನಾನು ಅದರ ಪರವಾಗಿ ಎರಡು ಮಾತಾಡಿದೆ. ವೈನಿ ನನ್ನನ್ನು ಕನಿಕರದಿಂದ ನೋಡಿದರು.

“ಮಾಸ್ತರ್ರ, ನಮ್ಮ ಮನ್ಯಾಗ ದಿನಾ ರೊಟ್ಟಿ ಮುರೀತೇವಿ. ಅದರಾಗ ಕಾಲು, ಅರ್ಧ ಇಲ್ಲೇನ್ರಿ?”

ಪಿಜ್ಜಾದ ಪುಸ್ತಕವನ್ನು ನಾನೇ ಕಪಾಟಿಗೆ ಮರಳಿ ಇಟ್ಟೆ.

ಹುಕ್ಕೇರಿಯದು ಇನ್ನೊಂದು ಕಥೆ. ತವರಿಗೆ ಹೋದಾಗ ಅಲ್ಲಿನ ಅಂಗಡಿಯಿಂದ ಒಂದು ಅಭ್ಯಾಸ ಪುಸ್ತಕ ತಂದರು. ಮನೆಗೆ ಬಂದು ನೋಡಿದರೆ ಹಿಂದಿನ ಉತ್ತರಗಳ ಪುಟದಲ್ಲಿ ಎಂಟು ಕೂಡಿಸು ಏಳು ಹದಿನಾಲ್ಕು ಎಂದು ಅಚ್ಚಾಗಿದೆ. ನಾವಾದರೆ ಪೆನ್ನಿನಿಂದ ತಿದ್ದಿಕೊಂಡು ಸುಮ್ಮನಾಗುತ್ತಿದ್ದೆವು. ವೈನಿ ಎರಡು ಬಸ್ಸು ಬದಲಿಸಿ ಮತ್ತೆ ಹುಕ್ಕೇರಿಗೆ ಹೋದರು. ಮಾಸ್ತರರು ಈ ಪುಟ ನೋಡಿ ತಿದ್ದಿ, ಸರಿ ಉತ್ತರ ಬರೆದ ಮಗುವನ್ನೇ ಬೆಂಚು ಹತ್ತಿಸಿದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಆ ಮಧ್ಯಾಹ್ನ ಅಂಗಡಿಯವನು ವೈನಿಯ ಕಣ್ಣೆದುರಿಗೇ ಅಂಗಡಿಯಲ್ಲಿದ್ದ ಅಷ್ಟೂ ಪ್ರತಿಗಳಲ್ಲಿ ಕೆಂಪು ಪೆನ್ನಿನಿಂದ ಹದಿನೈದು ಎಂದು ಬರೆದನಂತೆ!

ಮೂಡಲಗಿಯ ಸಂತೆಯಲ್ಲಿ ಒಂದು ಹಳೆಯ ಅಂಕಲಿಪಿ ಸಿಕ್ಕಿತು. ಅದರಲ್ಲಿ ಎತ್ತು, ಕೋಳಿ, ಬದನೆಕಾಯಿ ಎಲ್ಲ ಇದ್ದವು, ವೈನಿಗೆ ಮನಸ್ಸು ತುಂಬಿತು. ಆದರೆ ಅರ್ಧ ಪುಸ್ತಕ ಬರೀ ಮಗ್ಗಿ. ಮನೆಗೆ ಬಂದವರೇ ಕತ್ತರಿ ತಗೊಂಡು ಮಗ್ಗಿಯ ಪುಟಗಳನ್ನಷ್ಟೇ ಕತ್ತರಿಸಿ ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು. ನಮ್ಮ ಊರಲ್ಲಿ ಬಂಗಾರದ ಜೊತೆ ಮಗ್ಗಿಯನ್ನು ತಿಜೋರಿಯಲ್ಲಿಟ್ಟವರು ಇವರೊಬ್ಬರೇ ಇರಬೇಕು.

ಹೀಗೆ ಒಂದು ಪುಸ್ತಕದ ನಾಲ್ಕು ಪುಟ, ಇನ್ನೊಂದರ ಒಂಬತ್ತು, ಸರ್ಕಾರಿ ಪಠ್ಯದ ಅರ್ಧ, ಅಂಕಲಿಪಿಯ ಉಳಿದರ್ಧ, ನಡುನಡುವೆ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಬರೆದ ಲೆಕ್ಕಗಳು, ಎಲ್ಲವನ್ನೂ ಸೇರಿಸಿ, ಗೋಣಿಚೀಲ ಹೊಲಿಯುವ ದಬ್ಬಣ ಮತ್ತು ಸುತಳಿಯಿಂದ ಹೊಲಿದು ಒಂದು ಪುಸ್ತಕ ಮಾಡಿದರು. ಉದ್ದಗಿಡ್ಡ ಹಾಳೆಗಳ ಆ ಪುಸ್ತಕ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಪೂರ್ತಿ ಮುಚ್ಚುತ್ತಲೂ ಇರಲಿಲ್ಲ.

ಆದರೆ ಅದರೊಳಗೆ ಒಂದು ಲೆಕ್ಕ ಸೇರಬೇಕಾದರೆ ಮೊದಲು ಅದನ್ನು ಮನೆಗೆ ಬಂದವರ ಮೇಲೆ ಪ್ರಯೋಗ ಮಾಡುತ್ತಿದ್ದರು. ನಾನು ಹೇಳಿದ ನಪಾಸಿನ ಪ್ರಸಂಗ ಇದೇ. ಒಂದು ದೊಡ್ಡ ತ್ರಿಕೋನದೊಳಗೆ ಗೆರೆ ಎಳೆದು ಚಿಕ್ಕ ತ್ರಿಕೋನಗಳನ್ನು ಮಾಡಿದ್ದರು, ಒಟ್ಟು ಎಷ್ಟು ಎಂಬುದು ಪ್ರಶ್ನೆ. ಒಂಬತ್ತು ಎಂದೆ ಗತ್ತಿನಿಂದ. ಹದಿಮೂರಂತೆ! ಸರಿ, ಹದಿಮೂರು ಎಂದೆ. ಅಷ್ಟಕ್ಕೆ ಬಿಡುತ್ತಾರೆಯೇ?

“ಹೆಂಗ ಬಂತ ತೋರಸ್ರಿ.”

ಈ ಮೂರು ಮಾತು ಆ ಮನೆಯ ಕಾಯಿದೆ. ಉತ್ತರ ಸರಿಯಿದ್ದರೂ ಅಷ್ಟೇ, ತಪ್ಪಿದ್ದರೂ ಅಷ್ಟೇ, ಹೇಗೆ ಬಂತೆಂದು ನಿಧಾನವಾಗಿ ಬಿಡಿಸಿ ಹೇಳಬೇಕು. ವೈನಿ ಕಣ್ಣು ಮಿಟುಕಿಸದೆ ನೋಡುವರು. ಹಾಲು ಹಾಕಿಸಿಕೊಳ್ಳಲು ಬಂದವರು, ಮೀಟರ್ ನೋಡಲು ಬಂದವರು, ಯಾರಿಗೂ ವಿನಾಯಿತಿ ಇಲ್ಲ. ಗೋಕಾಕದ ಕರದಂಟು ಒಯ್ದರೆ ಒಂದು ಲೆಕ್ಕ ಮಾಫಾದೀತೆಂದು ನಾನು ಒಯ್ದೆ. ಅದನ್ನೂ ನಾಲ್ವರಿಗೆ ಸಮ ಹಂಚುವ ಲೆಕ್ಕ ಮಾಡಿ ನನಗೇ ಕೊಟ್ಟರು. ಅಣ್ಣ ಮಾತ್ರ ಜಾಣ. ಬಳಪ ಕಂಡ ಕೂಡಲೇ ಪಂಪು ಚಾಲೂ ಮಾಡಿ ಬರುತ್ತೇನೆಂದು ಹೊಲಕ್ಕೆ ಓಡುತ್ತಿದ್ದ. ಆ ಹೊತ್ತಿನಲ್ಲಿ ಹೊಲಕ್ಕೆ ಕರೆಂಟೇ ಇರುವುದಿಲ್ಲವೆಂದು ಇಡೀ ಊರಿಗೆ ಗೊತ್ತು.

ಇಷ್ಟಾದರೂ ದೊಡ್ಡವಳು ಬಾಯಿ ಬಿಡಲಿಲ್ಲ. ಚಿಕ್ಕವಳೇನೋ ಕಳೆಯುವ ಲೆಕ್ಕದಲ್ಲಿ ಪಳಗಿದಳು. ಹತ್ತು ಶೇಂಗಾ ಇಟ್ಟರೆ ಕಳೆಯಬೇಕಾದ್ದನ್ನೆಲ್ಲ ತಿಂದೇ ಕಳೆಯುತ್ತಿದ್ದಳು. ದೊಡ್ಡವಳು ಕಾಳು ಸರಿಸುವಳು, ಪಾಟಿಯ ಮೇಲೆ ಗೆರೆ ಎಳೆಯುವಳು, ಉತ್ತರ ಸರಿಯೇ ಇರುತ್ತಿತ್ತು. ಬಾಯಿಂದ ಮಾತ್ರ ಒಂದು ಅಂಕಿಯೂ ಇಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನಾನು ಒಳಗೊಳಗೇ ವ್ಯಾನಿನ ಡ್ರೈವರನ ನಂಬರು ಹುಡುಕಿಟ್ಟುಕೊಂಡಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೆ.

ಆಮೇಲೆ ಬಿಳಿಜೋಳದ ರಾಶಿ ಬಂತು. ಈಗೆಲ್ಲ ಯಂತ್ರ ಬಂದು ಚೀಲ ತುಂಬಿ ತೂಗಿ ಹೋಗುತ್ತದೆ. ಆದರೆ ಮನೆಗೆಂದು ಇಟ್ಟುಕೊಳ್ಳುವ ಜೋಳವನ್ನು ಅಪ್ಪ ಇಂದಿಗೂ ಕೊಳಗದಲ್ಲೇ ಅಳೆಯುತ್ತಾನೆ. ಅದಕ್ಕೊಂದು ಪದ್ಧತಿಯಿದೆ. ಕಾಲಲ್ಲಿ ಚಪ್ಪಲಿ ಇರಬಾರದು. ಅಳೆಯುವವನ ಹೊರತು ಬೇರೆ ಯಾರೂ ಮಾತಾಡಬಾರದು. ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನುವಂತಿಲ್ಲ, ‘ಲಾಭ’ ಎನ್ನಬೇಕು. ಮುಂದಿನ ಕೊಳಗ ತುಂಬುವ ತನಕ ಅದನ್ನೇ ರಾಗವಾಗಿ ಅನ್ನುತ್ತಿರಬೇಕು. ಲಾಭ, ಲಾಭ, ಲಾಭ, ಎರಡು, ಎರಡು, ಎರಡು... ಎಣಿಕೆ ತಪ್ಪಿದರೆ ಎಲ್ಲವನ್ನೂ ರಾಶಿಗೆ ಸುರಿದು ಮತ್ತೆ ಲಾಭದಿಂದ ಶುರು ಮಾಡಬೇಕು.

ಆ ದಿನ ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ದೊಡ್ಡವಳು ತನ್ನ ಮುತ್ಯಾನ, ಅಂದರೆ ನಮ್ಮಪ್ಪನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹದಿನಾರಕ್ಕೆ ಬಂದಾಗ ಅಪ್ಪನ ಗಂಟಲಿಗೆ ದೂಳು ಹೊಕ್ಕು ಕೆಮ್ಮು ಶುರುವಾಯಿತು. ಕೆಮ್ಮು ನಿಂತಾಗ ಕೊಳಗ ಕೈಯಲ್ಲಿತ್ತು, ಎಣಿಕೆ ಎಲ್ಲಿತ್ತೋ ಗೊತ್ತಿಲ್ಲ. ಅಪ್ಪ ನನ್ನ ಮುಖ ನೋಡಿದ. ನಾನು ಏನು ಎಣಿಸಿದ್ದೆ, ಮಣ್ಣು! ಆಗ ಕೆಳಗಿನಿಂದ ಸಣ್ಣ ದನಿ ಬಂತು.

“ಹದಿನೇಳ.”

ಅಪ್ಪ ಕೊಳಗ ಸುರಿದ. ಹುಡುಗಿ ‘ಹದಿನೇಳು, ಹದಿನೇಳು’ ಎನ್ನುತ್ತಲೇ ಇದ್ದಳು, ಮುಂದಿನದು ತುಂಬಿದಾಗ ಹದಿನೆಂಟು ಎಂದಳು. ನನಗೆ ಕೂಗಬೇಕೆನಿಸಿತು. ಆದರೆ ರಾಶಿಯ ಮುಂದೆ ಮಾತಾಡುವಂತಿಲ್ಲವಲ್ಲ! ಮೊರ ಹಿಡಿದಿದ್ದ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬದಂತೆ ನಿಂತುಬಿಟ್ಟರು. ನಲವತ್ತೊಂದರ ತನಕ ಅವಳೇ ಎಣಿಸಿದಳು. ಯಾರೂ ಶಭಾಶ್ ಎನ್ನಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ ಇತ್ತೋ ಏನೋ.

ಅವತ್ತಿನಿಂದ ಅವಳು ಮನೆಯಲ್ಲಿದ್ದದ್ದನ್ನೆಲ್ಲ ಎಣಿಸಿದಳು. ಮೆಟ್ಟಿಲು, ಮೇಕೆ, ನನ್ನ ಅಂಗಿಯ ಗುಂಡಿ, ಎಲ್ಲ. ಆದರೆ ಎಲ್ಲವೂ ಲಾಭದಿಂದಲೇ ಶುರು! ಲಾಭ, ಎರಡು, ಮೂರು. ನನ್ನೊಳಗಿನ ಮಾಸ್ತರ ಎದ್ದು ಕುಳಿತ. ಪರೀಕ್ಷೆಯಲ್ಲಿ ಹೀಗೆಂದರೆ ಗತಿಯೇನು, ತಿದ್ದಿರಿ ಎಂದು ವೈನಿಗೆ ಹೇಳಿದೆ.

“ಅಂಜಿಕಿ ಬಿಟ್ಟು ಬಂದ ಅಂಕಿ ಅದು. ನಾ ಅಳಸಾಂಗಿಲ್ರಿ.”

ಜೂನ್ ಬಂತು. ಹೆಡ್‌ಮಾಸ್ತರರ ಕೋಣೆಯಲ್ಲಿ ನಾವು ಮೂವರು, ವೈನಿ, ಹುಡುಗಿ, ನಾನು. ಹೆಡ್‌ಮಾಸ್ತರರು ನಾಗನೂರಿನ ರೈತರ ಮಗ, ನಿಧಾನದ ಮನುಷ್ಯ. ಹುಡುಗಿ ಹೆದರಬಾರದೆಂದು ಸುಲಭದ್ದನ್ನೇ ಕೇಳಿದರು, ನಿನಗೆ ಮೂಗು ಎಷ್ಟಿವೆ?

ಹುಡುಗಿ ತನ್ನ ಮೂಗು ಮುಟ್ಟಿ ನೋಡಿಕೊಂಡಳು. “ಲಾಭ.”

ನಾನು ಕಣ್ಣು ಮುಚ್ಚಿಕೊಂಡೆ. ವ್ಯಾನಿನ ಹಾರ್ನು ಕೇಳಿಸಿದಂತಾಯಿತು. ಕಣ್ಣು ತೆರೆದರೆ ಹೆಡ್‌ಮಾಸ್ತರರು ಹೊಟ್ಟೆ ಕುಣಿಸಿ ನಗುತ್ತಿದ್ದಾರೆ. ತಮ್ಮಪ್ಪನ ರಾಶಿಯಲ್ಲೂ ಒಂದಕ್ಕೆ ಇದೇ ಹೆಸರಿತ್ತಂತೆ. ಕಣ್ಣು ಎಷ್ಟೆಂದರು. ಎರಡು ಬಂತು. ಆಮೇಲೆ ಕೂಡಿಸುವುದು, ಕಳೆಯುವುದು, ರೊಟ್ಟಿಯ ಕಾಲು, ಅರ್ಧ, ಎಲ್ಲ ಕೇಳಿದರು. ಹುಡುಗಿ ಪ್ರತಿ ಉತ್ತರದ ಹಿಂದೆಯೇ, ಅವರು ಕೇಳದಿದ್ದರೂ, ಹೇಗೆ ಬಂತೆಂದು ಬಿಡಿಸಿ ಹೇಳಿದಳು. ಹೆಡ್‌ಮಾಸ್ತರರು ರಿಜಿಸ್ಟರ್ ತೆರೆದು ಎರಡನೇ ತರಗತಿಗೆ ಅವಳ ಹೆಸರು ಬರೆದರು.

ಹುಡುಗಿ ಟೇಬಲಿನ ಅಂಚು ಹಿಡಿದು ಬಗ್ಗಿ ನೋಡಿದಳು. “ಸರ, ನಮ್ಮವ್ವಂದೂ ಹೆಸರ ಬರಕೊಳ್ರಿ.”

ಹೆಡ್‌ಮಾಸ್ತರರು ಯಾಕೆಂದು ಕೇಳಿದರು.

“ಆಕಿಗೆ ಭಾಗಾಕಾರ ಇನ್ನೂ ಬರಾಂಗಿಲ್ರಿ. ನಾವಿಬ್ಬರೂ ಕೂಡೇ ಕಲ್ಯಾಕತ್ತೇವಿ.”

ವೈನಿ ನೆಲ ನೋಡುತ್ತ, ಖರೆ ಐತ್ರಿ ಎಂದರು. ತಾವು ಶಾಲೆಗೆ ಹೋಗುವಾಗ ಗಣಿತದ ತಾಸೆಂದರೆ ತಮಗೂ ಅಂಜಿಕೆಯಂತೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟದ್ದು ಅದಕ್ಕೇ ಅಂತೆ. ಅವರು ಏಳನೆಯವರೆಗೆ ಓದಿದ್ದು ನನಗೆ ಗೊತ್ತಿತ್ತು. ಯಾಕೆ ಬಿಟ್ಟಿರಿ ಎಂದು ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ನಾನು ವರ್ಷವಿಡೀ ತಿಳಿದಿದ್ದೆ. ಅವರು ನನ್ನಿಂದ ಕಲಿಯುತ್ತಿದ್ದರು. ಕಲಿಸುವುದೇ ನನ್ನ ಕೆಲಸ, ನನಗೆ ಅಷ್ಟು ತಿಳಿಯಲಿಲ್ಲವಲ್ಲ!

ಗಂಟೆ ಹೊಡೆಯಿತು. ಹುಡುಗಿಯನ್ನು ತರಗತಿಗೆ ಕರೆದುಕೊಂಡು ಹೋಗಲು ಟೀಚರ್ ಬಾಯಿಯವರು ಬಂದರು. ಅವಳು ಬಾಗಿಲ ತನಕ ಹೋದವಳು ತಿರುಗಿ ಬಂದು ಅವ್ವನ ಕೈ ಹಿಡಿದುಕೊಂಡಳು.

“ಅವ್ವಾ, ನೀ ಒಬ್ಬಾಕೀನ ಅಂಜಬ್ಯಾಡ. ಸಂಜೀಕ ಬಂದು ನಾ ಕಲಸ್ತೇನಿ.”

ವೈನಿ ಹೂಂ ಎಂದರು. ಚೀಲದಿಂದ ತಮ್ಮ ಬಳಪ ತೆಗೆದು ಮಗಳ ಕೈಗಿಟ್ಟರು.