ನನ್ನ ಕಾಲು ಹೇಳಿದ ಸಾಕ್ಷಿ

ಹನ್ನೆರಡು ವರ್ಷ ಭಜನಾ ಸಂಘದಲ್ಲಿ ತಾಳ ಹಿಡಿದವನಿಗೆ ತಾಳಜ್ಞಾನ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಏಳುವುದೇ ಒಂದು ಅವಮಾನ. ಆ ಪ್ರಶ್ನೆ ಸ್ವಂತ ಮನೆಯಲ್ಲಿ, ಅದೂ ಹೆಂಡತಿ ಚಹಾ ಸೋಸುತ್ತಿರುವಾಗ ಎದ್ದರೆ ಗಂಡನಾದವನು ಏನು ಮಾಡಬೇಕು, ನೀವೇ ಹೇಳಿ.

"ಹೋದ ಸೋಮವಾರ ನೀವು ಮುಂದೆ ಓಡಿದ್ರಿ, ಹಾಡೋರೆಲ್ಲ ಹಿಂದೆ ಉಳಿದ್ರು," ಎಂದಳು ಪ್ರೇಮಲತಾ.

"ಹಿಂದೆ ಉಳಿದ್ರೆ ಅದು ಹಾಡೋರ ತಪ್ಪು."

"ಹನ್ನೊಂದು ಜನಾನೂ?"

ನಾನು ಚಿಕ್ಕವನಿದ್ದಾಗ ಮೂರು ವರ್ಷ ತಬಲಾ ಕಲಿತವನು. (ನಾಲ್ಕನೇ ವರ್ಷ ಗುರುಗಳೇ ಮನೆಗೆ ಬಂದು "ಇವನಿಗೆ ಇಷ್ಟು ಸಾಕು" ಎಂದರು. ವಿದ್ಯೆ ಪೂರ್ತಿಯಾಯಿತು ಎಂದು ನಮ್ಮಪ್ಪ ತೆಂಗಿನಕಾಯಿ ಒಡೆದರು.) ಪ್ರೇಮಲತಾ ಹೊನ್ನಾಳಿಯ ತವರಿನಲ್ಲಿ ಹತ್ತು ವರ್ಷ ಕೋಲಾಟ ಆಡಿದವಳು. ಶಾಸ್ತ್ರ ನನ್ನದು, ಕುಣಿತ ಅವಳದು. ಯಾರ ಮಾತು ನಡೆಯಬೇಕೆಂಬುದು ಸ್ಪಷ್ಟವಾಗಿಯೇ ಇತ್ತು. ಆದರೆ ಸಂಘದ ಅಧ್ಯಕ್ಷ ಹಾಲೇಶಪ್ಪನಿಗೆ ಅದು ಸ್ಪಷ್ಟವಾಗಿರಲಿಲ್ಲ. ತಾಳವನ್ನು ಇನ್ನು ಮುರುಗೇಶಪ್ಪನಿಗೆ ಕೊಡೋಣ ಎಂದು ಅವನು ಚನ್ನಗಿರಿಯ ತುಂಬ ಪಿಸುಗುಡುತ್ತಿದ್ದ. ಮುರುಗೇಶಪ್ಪ! ನನ್ನ ಪಾತ್ರೆ ಅಂಗಡಿಯ ಎದುರಿಗೇ ಪಾತ್ರೆ ಅಂಗಡಿ ತೆರೆದ ಮಹಾನುಭಾವ! ಅವನ ಕೈಗೆ ನನ್ನ ತಾಳ ಹೋಗುವುದಾದರೆ ನಾನು ಅಂಗಡಿ ಬಾಗಿಲು ಹಾಕಿ ಎಲ್ಲಾದರೂ ಹೋಗುವುದೇ ಮೇಲು.

ಇಂಥ ಹೊತ್ತಿನಲ್ಲಿ ದೇವರು ಕಳಿಸಿದ ಹಾಗೆ ಬಂದವಳು ನನ್ನ ತಂಗಿಯ ಮಗಳು ರೂಪಶ್ರೀ. ದಾವಣಗೆರೆಯಲ್ಲಿ ಮನಃಶಾಸ್ತ್ರ ಓದುತ್ತಾಳೆ. ಸಂಗೀತ ಕಲಿತವರಿಗೂ ಕುಣಿದು ಬೆಳೆದವರಿಗೂ ಒಂದೇ ವಾದ್ಯದ ಪೆಟ್ಟು ಒಂದೇ ಥರ ಮೈಗೆ ಹತ್ತುತ್ತದೆಯೇ ಎಂಬುದು ಅವಳ ಸಂಶೋಧನೆ. ಹೆಡ್‌ಫೋನ್ ಹಾಕಿಕೊಂಡು ಹತ್ತು ತುಣುಕು ಕೇಳಬೇಕು, ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ನಡುವೆ ಒಂದೊಂದು ನಿಮಿಷ ಹೆಡ್‌ಫೋನ್ ತೆಗೆದು ಸುಮ್ಮನೆ ಕೂರಬೇಕು. ಕಾಲಿಗೆ ಗಡಿಯಾರದಂಥ ಪಟ್ಟಿ ಕಟ್ಟುತ್ತಾಳೆ. ಕಾಲು ಅಲುಗಿದ್ದನ್ನೆಲ್ಲ ಅದು ಬರೆದುಕೊಳ್ಳುತ್ತದೆ.

ವಿಜ್ಞಾನವೇ ನನ್ನ ಪರ ಸಾಕ್ಷಿ ಹೇಳಲು ಬಂದಿರುವಾಗ ಬಿಡುವುದುಂಟೇ? ಹಾಲೇಶಪ್ಪನನ್ನು ನಾನೇ ಫೋನ್ ಮಾಡಿ ಕರೆಸಿ, ಸೋಫಾದ ಮೇಲೆ ಕೂರಿಸಿದೆ.

ಮೊದಲು ಪ್ರೇಮಲತಾಳ ಸರದಿ. ಹೆಡ್‌ಫೋನ್ ಕಿವಿಗೆ ಬಿದ್ದದ್ದೇ ತಡ ಅವಳ ಕಾಲು, ಕತ್ತು, ಬಳೆ ಎಲ್ಲವೂ ಅಲುಗಾಡತೊಡಗಿದವು. ನನಗೆ ನಾಚಿಕೆಯಾಗಿ ಹಾಲೇಶಪ್ಪನ ಕಡೆ ನೋಡಲಿಲ್ಲ. ಮುಗಿಸಿದವಳೇ "ಹಿಟ್ಟು ಆರೋಗುತ್ತೆ" ಎಂದು ಅಡುಗೆಮನೆಗೆ ಓಡಿದಳು.

ನನ್ನ ಸರದಿ ಬಂತು. ಪರದೆಯ ಮೇಲಿನ ಪ್ರಶ್ನೆ ನೋಡಿ ಗಾಬರಿಯಾಯಿತು. ಇದನ್ನು ಕೇಳಿದಾಗ ಮೈ ಅಲುಗಿಸಬೇಕು ಎಂದು ಎಷ್ಟು ಅನ್ನಿಸುತ್ತದೆ?

"ಅನ್ನಿಸಬೇಕೋ, ಅನ್ನಿಸಬಾರದೋ?" ಎಂದು ಕೇಳಿದೆ.

"ಇದ್ರಾಗೆ ಸರಿ, ತಪ್ಪು ಅಂತ ಇಲ್ಲ ಮಾವ."

"ಸರಿ, ತಪ್ಪು ಇಲ್ದಿದ್ರೆ ಅದು ಪರೀಕ್ಷೆ ಹೆಂಗಾಗುತ್ತೆ?"

ಅವಳು ನನ್ನ ಕಾಲಿಗೆ ಪಟ್ಟಿ ಬಿಗಿದಳು. ನನಗೆ ಥಟ್ಟನೆ ಮರ್ಮ ಹೊಳೆಯಿತು. ಭಜನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಮೇಲೆ ಕೈ ಮಾತ್ರ ಆಡಬೇಕು, ಕಾಲು ಆಡಿದರೆ ಮರ್ಯಾದೆ ಹೋಯಿತು. ನಮ್ಮ ಗುರುಗಳಂತೂ ಕಾಲು ಅಲುಗಿದರೆ ಬೆತ್ತ ತೆಗೆಯುತ್ತಿದ್ದರು. ಪಟ್ಟಿ ಕಟ್ಟಿರುವುದೇ ಶಿಸ್ತು ಅಳೆಯಲು! ಹತ್ತೂ ತುಣುಕಿಗೆ ಕಲ್ಲಿನ ಬಸವಣ್ಣನಂತೆ ಕೂತೆ. ಮೂರನೆಯದರಲ್ಲಿ ಬರಬೇಕಾದ ಪೆಟ್ಟು ಬರದೆ, ಆಮೇಲೆ ಕಳ್ಳನ ಹಾಗೆ ಬಂತು. ಶುದ್ಧ ತಪ್ಪು, ಎರಡು ಅಂಕ ಕೊಟ್ಟೆ.

"ಅತ್ತೆ ಆ ಮೂರನೇದಕ್ಕೇ ಒಂಬತ್ತು ಕೊಟ್ಟವ್ರೆ," ಎಂದಳು ರೂಪಶ್ರೀ ಕೊನೆಯಲ್ಲಿ.

"ಎಲ್ಲಾ ಪೆಟ್ಟೂ ಅವ್ರೇ ಹಾಕಿದ್ರೆ ನನ್ನ ಕಾಲಿಗೆ ಕೆಲ್ಸ ಏನೈತ್ರಿ?" ಎಂದು ಅಡುಗೆಮನೆಯಿಂದ ಕೂಗು ಬಂತು. "ಅವ್ರು ಬಿಟ್ಟ ಜಾಗದಾಗೆ ನಾವು ಹೆಜ್ಜೆ ಇಡಾದು!"

ನನಗೆ ತಲೆಬುಡ ಅರ್ಥವಾಗಲಿಲ್ಲ. ಬಿಟ್ಟ ಜಾಗದಲ್ಲಿ ಹೆಜ್ಜೆ ಇಟ್ಟರೆ ಮನುಷ್ಯ ಬೀಳುವುದಿಲ್ಲವೇ?

ರೂಪಶ್ರೀ ಲ್ಯಾಪ್‌ಟಾಪ್ ನೋಡುತ್ತ ಹುಬ್ಬು ಗಂಟಿಕ್ಕಿದಳು. "ಮಾವ, ಹತ್ತೂ ತುಣುಕಿಗೆ ನಿಮ್ಮ ಕಾಲು ಸೊನ್ನೆ."

"ನೋಡಪ್ಪಾ ಹಾಲೇಶಪ್ಪ, ಶಿಸ್ತು!"

"ಆದ್ರೆ ನಡುವೆ ಸುಮ್ನೆ ಕೂತಾಗ ಕುಣಿದೈತೆ. ಎಷ್ಟು ಕರೆಕ್ಟಾಗಿ ಅಂದ್ರೆ, ಒಂದು ಪೆಟ್ಟೂ ಆಚೀಚೆ ಇಲ್ಲ. ಅತ್ತೆಗಿಂತ್ಲೂ ಚೆನ್ನಾಗೈತೆ. ಆಗ ಹಾಡೇ ಇರ್ಲಿಲ್ವಲ್ಲ, ಯಾವ್ದಕ್ಕೆ ಕುಣೀತು?"

ಒಳಗಿನ ನಾದ ಇರಬಹುದು ಎಂದು ನಾನು ಮೆಲ್ಲಗೆ ಸೂಚಿಸಿದೆ. ಹಾಲೇಶಪ್ಪನಿಗೂ ಭಕ್ತಿ ಬಂದು, ಕೈ ಮುಗಿಯುವುದೊಂದೇ ಬಾಕಿ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮತ್ತೆ ಶುರುವಾಯಿತು: ಪಟ ಪಟ ಪಟ್, ಪಟ ಪಟ ಪಟ್. ಪ್ರೇಮಲತಾ ರೊಟ್ಟಿ ತಟ್ಟುತ್ತಿದ್ದಳು. ರೂಪಶ್ರೀ ನನ್ನ ಕಾಲು ನೋಡಿದಳು. ಹಾಲೇಶಪ್ಪ ನೋಡಿದ. ಕೊನೆಗೆ ನಾನೂ ನೋಡಿದೆ. ಹೆಬ್ಬೆರಳಿನಿಂದ ಮಂಡಿಯವರೆಗೆ ಅದು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು.

"ಅತ್ತೆ, ಒಂಚೂರು ನಿಲ್ಸಿ!"

ರೊಟ್ಟಿ ನಿಂತಿತು. ಕಾಲೂ ನಿಂತಿತು.

"ಈಗ ತಟ್ಟಿ!"

ಹಾಳಾದ ಕಾಲು ಮತ್ತೆ ಎದ್ದಿತು. ಇಪ್ಪತ್ತಾರು ವರ್ಷ ದಿನಕ್ಕೆರಡು ಹೊತ್ತು ಕೇಳಿದ ಅಭ್ಯಾಸ. ಮೂರು ವರ್ಷದ ತಬಲಾ ಅದರ ಮುಂದೆ ಯಾವ ಲೆಕ್ಕ? ಹಾಲೇಶಪ್ಪ ಸೋಫಾದಿಂದ ಜಾರುವಷ್ಟು ನಕ್ಕ. ನನಗೆ ಅಳುವೇ ಬಂತು.

ಅಡುಗೆಮನೆ ಬಾಗಿಲಿನಿಂದ ಅದನ್ನು ನೋಡಿಯೋ ಏನೋ, ಪ್ರೇಮಲತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಾಲೇಶಣ್ಣ, ಇದೊಂದು ಸೋಮವಾರ ತಾಳ ಇವ್ರ ಕೈಯಾಗೇ ಇರ್ಲಿ. ನಾನು ಎದುರಿಗೆ ಕೂತು ತೊಡೆ ತಟ್ತೀನಿ."

ಸೋಮವಾರ ನನ್ನ ತಾಳ ಕೇಳಿ ಮುರುಗೇಶಪ್ಪನೇ ತಲೆದೂಗಿದ. ಮೂರು ಭಜನೆ ಬಂಗಾರದ ಹಾಗೆ ಹೋದವು. ನಾಲ್ಕನೆಯದರ ನಡುವೆ ಪ್ರೇಮಲತಾಳ ತೊಡೆಯ ಮೇಲೊಂದು ಸೊಳ್ಳೆ ಕೂತಿತು. ಅವಳು ಪಟಪಟನೆ ಎರಡು ಬಾರಿಸಿದಳು. ನಾನೂ ಬಾರಿಸಿದೆ. ಹನ್ನೊಂದು ಜನ ಹಾಡುವವರು ಹನ್ನೊಂದು ದಿಕ್ಕಿಗೆ ಹೋದರು.

ಈಗ ತಾಳ ಪ್ರೇಮಲತಾಳ ಕೈಯಲ್ಲಿದೆ. ಮುರುಗೇಶಪ್ಪನಿಗೆ ಸಿಗಲಿಲ್ಲವಲ್ಲ, ಅಷ್ಟೇ ಸಮಾಧಾನ. ಸೋಮವಾರ ಸಂಜೆ ಅವಳು ಭಜನೆಗೆ ಹೊರಟರೆ ರೊಟ್ಟಿಯ ಕೆಲಸ ನನ್ನ ಪಾಲಿಗೆ. ಮೊನ್ನೆ ಅವಳು ಬಂದು ತಟ್ಟೆಯ ಮುಂದೆ ಕೂತು, ನನ್ನ ರೊಟ್ಟಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. ಮೂರು ಕಡೆ ತೂತು, ಒಂದು ಕಡೆ ಬಾಲ.

"ಇದನ್ನ ಬಾಯಾಗೆ ಇಡಾಕೆ ಆಗಲ್ಲ," ಎಂದಳು. ಆಮೇಲೆ ಮೆತ್ತಗೆ, "ಆದ್ರೆ ಬಾಗ್ಲಾಗೆ ನಿಂತು ಕೇಳಿಸ್ಕೊಂಡೆ ಕಣ್ರಿ. ತಾಳ ಒಂದೂ ತಪ್ಪಿಲ್ಲ."

ಹನ್ನೆರಡು ವರ್ಷದಲ್ಲಿ ನನ್ನ ತಾಳವನ್ನು ಅವಳು ಹೊಗಳಿದ್ದು ಇದೇ ಮೊದಲು. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡೆ.