ಒಳಗೆ ಯಾರೂ ಇಲ್ಲ

ಬೆಳಿಗ್ಗೆ ನುಂಗಿದ ಸಾಸಿವೆ ಗಾತ್ರದ ಮಾತ್ರೆಯೊಂದೇ ಸಾಕಾಯಿತು, ಸುಸ್ತಪ್ಪನ ಬದುಕು ಹಳ್ಳ ಹಿಡಿಯಲು. ಸುಸ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಳ್ಳರು ನುಗ್ಗಿದರೆ ಕೂಗುವ ಅಲಾರಂಗಳನ್ನು ರಿಪೇರಿ ಮಾಡುವ ಈ ಮನುಷ್ಯನಿಗೆ ಹೋದ ವರ್ಷ ಜ್ವರ ಬಂತು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಹಲ್ಲುಜ್ಜಿದರೆ ಕೂರಬೇಕು, ಕೂತರೆ ಮಲಗಬೇಕು, ಮಲಗಿ ಎದ್ದರೆ ಇನ್ನಷ್ಟು ಸುಸ್ತು. ಅವನು ಕೆಲಸ ಮಾಡುವ ಅಂಗಡಿಯವರು ಹೊಸದಾಗಿ ನಾಮಕರಣ ಮಾಡಿಬಿಟ್ಟರು.

ಹತ್ತಾರು ಕಡೆ ಅಲೆದ ಮೇಲೆ ಒಬ್ಬ ಡಾಕ್ಟರು ಮರ್ಮ ಬಿಡಿಸಿ ಹೇಳಿದ್ದರು.

"ಜ್ವರ ತಂದ ವೈರಸ್ ಯಾವತ್ತೋ ಜಾಗ ಖಾಲಿ ಮಾಡಿದೆ ಕಣ್ರೀ. ನಿಮ್ಮ ರೋಗನಿರೋಧಕ ಶಕ್ತಿಗೆ ಅದು ಗೊತ್ತಾಗಿಲ್ಲ, ಅಷ್ಟೆ. ಇಲ್ಲದ ಕಳ್ಳನ ಮೇಲೆ ದೊಣ್ಣೆ ಬೀಸ್ತಾನೇ ಇದೆ. ನೀವು ತಿಂದಿದ್ದೆಲ್ಲ ಆ ಹೊಡೆದಾಟಕ್ಕೇ ಖರ್ಚು. ಈ ಮಾತ್ರೆ ತಗೊಳ್ಳಿ, ಸಂಜೆ ಹೊತ್ತಿಗೆ ಅದು ಸುಮ್ಮನಾಗುತ್ತೆ."

"ಕಳ್ಳ ಇಲ್ಲ ಅನ್ನೋದು ಖಾತ್ರೀನಾ ಡಾಕ್ಟ್ರೇ?"

"ರಕ್ತದಲ್ಲಿ ನೋಡಿದೀನಿ, ಇಲ್ಲ. ಮೂಲೆಮೂಲೆಗೂ ಹೋಗಿ ನೋಡೋಕಾಗುತ್ತೇನ್ರೀ?"

ಮಾತ್ರೆ ನುಂಗಿ ಅಂಗಡಿಗೆ ಹೋದರೆ ಯಜಮಾನ ಕಾದಿದ್ದ. "ಆರು ಮಹಡಿ ಬಿಲ್ಡಿಂಗು. ಕಳ್ಳ ನುಗ್ಗಿ ತಿಂಗಳುಗಟ್ಟಲೆ ಆಯ್ತು, ಅವನು ಸಿಗಲೂ ಇಲ್ಲ, ಅಲಾರಂ ಕೂಗೋದು ನಿಲ್ಲಿಸಲೂ ಇಲ್ಲ. ಇವತ್ತೂ ಅರ್ಧಕ್ಕೆ ಬಿಟ್ಟು ಬಂದೆಯೋ, ನಾಳೆಯಿಂದ ಮನೇಲೇ ಮಲಗು."

ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಸುಸ್ತಪ್ಪ ಹೊರಟ. ಆ ಬಿಲ್ಡಿಂಗಿನ ಲಿಫ್ಟು, ಇಂಥ ದಿನ ಬೇರೇನು ಮಾಡೀತು, ಕೆಟ್ಟಿತ್ತು.

ಎರಡನೇ ಮಹಡಿಯಲ್ಲಿ ಅವನು ಕುಸಿದು ಕೂತಾಗ ಒಬ್ಬ ಅಜ್ಜಿ ಬಾಗಿಲಿಗೆ ಬಂದರು. "ಈ ವಯಸ್ಸಿಗೇ ಹಿಂಗಾ ಮಗಾ? ತಣ್ಣೀರು ಸ್ನಾನ ಮಾಡು, ಸರಿಹೋಗುತ್ತೆ. ನನ್ನ ಸೊಸೆ ನೋಡು, ಎಷ್ಟು ಗಟ್ಟಿಮುಟ್ಟು. ಮುಚ್ಚಿಟ್ಟ ಹಾಲು ಬೆಳಗಾದ್ರೆ ಅರ್ಧ ಇರುತ್ತೆ. ಕೇಳಿದ್ರೆ, ನಾನಲ್ಲ ಅತ್ತೆ ಅಂತಾಳೆ."

ನಾಲ್ಕನೆಯದರಲ್ಲಿ ನಿವೃತ್ತ ಮೇಷ್ಟ್ರು. "ಸುಸ್ತು ಅನ್ನೋದೆಲ್ಲ ಮನಸ್ಸಿಂದು ಕಣಯ್ಯ. ನಾನು ದಿನಾ ವಾಕಿಂಗ್ ಹೋಗಲ್ವೇ?" ಎಂದವರು ಬಾಗಿಲ ಹೊರಗೆ ನೋಡಿ ದನಿ ತಗ್ಗಿಸಿದರು. "ಒಂದೇ ವಿಚಿತ್ರ. ಇಲ್ಲೇ ಬಿಟ್ಟಿರ್ತೀನಿ ಚಪ್ಪಲಿ. ಕೆಂಪು ದಾರದಲ್ಲಿ ಹೊಲಿಸಿದ್ದು. ಬೆಳಿಗ್ಗೆ ಕಾಲು ಹಾಕಿದ್ರೆ ಬೆಚ್ಚಗಿರುತ್ತೆ. ಈಗ ತಾನೇ ಯಾರೋ ಬಿಟ್ಟ ಹಾಗೆ. ಇವತ್ತಂತೂ ಜೋಡಿನೇ ಕಾಣ್ತಿಲ್ಲ."

ಸುಸ್ತಪ್ಪನ ಬೆನ್ನು ಜುಂ ಎಂದಿತು. ಅದನ್ನೂ ಸುಸ್ತಿನ ಲೆಕ್ಕಕ್ಕೇ ಹಾಕಿದ.

ಅಲಾರಂನ ಬಾಯಿ ಮುಚ್ಚಿಸುವ ಮೊದಲು ಅದು ಕಾಯುವ ಜಾಗಗಳನ್ನೆಲ್ಲ ಕಣ್ಣಾರೆ ನೋಡಬೇಕು. ಅದು ಅವನ ಕಸುಬಿನ ನಿಯಮ. ತೆವಳುತ್ತಾ ಎಲ್ಲವನ್ನೂ ನೋಡಿದ. ಉಳಿದದ್ದು ತಾರಸಿಯ ನೀರಿನ ಟ್ಯಾಂಕಿನ ಕೋಣೆ ಒಂದೇ. ಅದಕ್ಕೆ ಕಬ್ಬಿಣದ ಏಣಿ. ಏಣಿಯ ಬುಡದಲ್ಲಿ ಅವನ ಕಾಲು ಸತ್ತೇಹೋದವು. ತಲೆಯ ಮೇಲೆ ಅಲಾರಂ ಒಂದೇ ಸಮನೆ ಅರಚುತ್ತಿತ್ತು.

"ಒಳಗೆ ಯಾರಾದ್ರೂ ಇದೀರಾ?" ಎಂದು ಕೆಳಗಿನಿಂದಲೇ ಕೇಳಿದ.

ಉತ್ತರ ಬರಲಿಲ್ಲ. ಉತ್ತರ ಇಲ್ಲವೆಂದ ಮೇಲೆ ಆಳೂ ಇಲ್ಲ.

"ಮೇಲೆ ಹತ್ತಲ್ವೇನ್ರೀ?" ಎಂದ ಜೊತೆಗಿದ್ದ ಬಿಲ್ಡಿಂಗಿನ ಸೆಕ್ರೆಟರಿ, ಕಿವಿ ಮುಚ್ಚಿಕೊಂಡೇ.

"ಮೂಲೆಮೂಲೆಗೂ ಹೋಗಿ ನೋಡೋಕಾಗುತ್ತಾ ಸಾರ್? ಕಳ್ಳ ಯಾವತ್ತೋ ಹೋದ. ಈ ಅಲಾರಂಗೆ ಅದು ಗೊತ್ತಾಗಿಲ್ಲ, ಅಷ್ಟೆ."

ತಂತಿ ಕತ್ತರಿಸಿದ. ಸದ್ದು ನಿಂತಿತು. ಆ ಖುಷಿಗೆ ಮನೆಮನೆಯವರೂ ಬಾಗಿಲು ಹಾರುಹೊಡೆದು ಬಿಟ್ಟು ಕೆಳಗೆ ಸೆಕ್ರೆಟರಿಯ ಮನೆಯಲ್ಲಿ ಸೇರಿದರು. ಸುಸ್ತಪ್ಪ ಮಾತ್ರ ಮೇಲಿನ ಮೆಟ್ಟಿಲ ಮೇಲೆ ಕೂತೇ ಇದ್ದ. ಇಷ್ಟು ನಿಶ್ಶಬ್ದ ಅವನಿಗೇಕೋ ಹಿಡಿಸಲಿಲ್ಲ.

ಹಿಂದೆ ಏಣಿ ಕಿರುಗುಟ್ಟಿತು. ಬಿಸಿಲನ್ನೇ ಕಾಣದ ಬಣ್ಣದ ಒಬ್ಬ ಸಣಕಲ ಇಳಿದು ಬಂದ. ಹೆಗಲ ಮೇಲೆ ಖಾಲಿ ಚೀಲ. ಬಾಯಿತುಂಬ ಒಂದು ಆಕಳಿಕೆ.

"ಸ್ವಲ್ಪ ಸರೀತೀರಾ ಸಾರ್?"

ಸುಸ್ತಪ್ಪ ಸರಿದ.

"ಈ ಅಲಾರಂ ಕಾಟಕ್ಕೆ ಒಂದು ದಿನವೂ ನೆಮ್ಮದಿಯಾಗಿ ಓಡಾಡೋಕಾಗಿರ್ಲಿಲ್ಲ," ಎಂದ ಅವನು ಹೆಗಲು ತಟ್ಟಿ. "ಪುಣ್ಯ ಕಟ್ಕೊಂಡ್ರಿ."

ಅವನ ಕಾಲಲ್ಲಿದ್ದ ಚಪ್ಪಲಿಯ ಕೆಂಪು ದಾರ ಸುಸ್ತಪ್ಪನಿಗೆ ಕಂಡಿತು. ಕೂಗಲು ಬಾಯಿ ತೆರೆದ, ಉಸಿರೇ ಇರಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಮುಟ್ಟುವಷ್ಟರಲ್ಲಿ ಆರೂ ಮಹಡಿ ಗುಡಿಸಿ ಒರೆಸಿದ ಹಾಗಿದ್ದವು. ಹಾಲು ಕದ್ದವನು ಯಾರೆಂದು ಗೊತ್ತಾಗಿ ಅಜ್ಜಿ ಸೊಸೆಯ ಕ್ಷಮೆ ಕೇಳುತ್ತಾ ಅಳುತ್ತಿದ್ದರು. ಮೇಷ್ಟ್ರು ಬರಿಗಾಲಲ್ಲಿ ನಿಂತಿದ್ದರು. ಯಜಮಾನ ಫೋನಿನಲ್ಲಿ ಒಂದೇ ಮಾತು ಹೇಳಿದ. "ಮಲಗು."

ಸಂಜೆ ಮನೆಗೆ ಬಂದಾಗ ಹೆಂಡತಿ ಅಚ್ಚರಿಯಿಂದ ನೋಡಿದಳು. "ಏನ್ರೀ, ಇವತ್ತು ದಿನದ ಹಾಗೆ ಬಾಗಿಲಿಗೆ ಒರಗಲೇ ಇಲ್ಲ?"

ಹೌದಲ್ಲ. ಸುಸ್ತು ಎಲ್ಲಿ ಹೋಯಿತು? ಮಾತ್ರೆ ಕೆಲಸ ಮಾಡಿತ್ತು. ವರ್ಷದಿಂದ ಒಳಗೆ ಒಂದೇ ಸಮನೆ ನಡೆದಿದ್ದ ಗುದ್ದಾಟ ನಿಂತು, ಮೈಯೆಲ್ಲ ತಣ್ಣಗೆ, ನಿಶ್ಶಬ್ದ. ಅವನಿಗೆ ಕಣ್ಣಲ್ಲಿ ನೀರು ಬಂತು. ಕೆಲಸ ಹೋದರೇನು, ನಾಳೆ ಇನ್ನೊಂದು ಹುಡುಕಿದರಾಯಿತು.

ಆಗ ಪಕ್ಕೆಲುಬಿನ ಒಳಗೆಲ್ಲೋ, ಯಾರೂ ಹೋಗಿ ನೋಡದ ಒಂದು ಮೂಲೆಯಲ್ಲಿ, ಏನೋ ಕಿರುಗುಟ್ಟಿತು. ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿಯುವ ಹಾಗೆ.

ಡಾಕ್ಟರಿಗೆ ಫೋನ್ ಮಾಡು ಎಂದು ಹೇಳಲು ಅವನು ಬಾಯಿ ತೆರೆದ. ಹೊರಗೆ ಬಂದದ್ದು ಉದ್ದನೆಯ ಒಂದು ಆಕಳಿಕೆ. ಅದು ಅವನದಾಗಿರಲಿಲ್ಲ.