ಗೋಸೇವಕನ ಹಂದಿಮರಿಗಳು

ಹಂದಿಮರಿಗಳಿಗೆ ಟಾನಿಕ್ಕು, ಪುಷ್ಟಿಪುಡಿ ಮಾರುವವನ ಪಾಡು ಏನು ಕೇಳ್ತೀರಿ! ಒಂದಲ್ಲ ಒಂದು ಪಜೀತಿ ತಾನಾಗಿಯೇ ಹುಡುಕಿಕೊಂಡು ಬರುತ್ತೆ. ಪೇಜರ್ ಹೋಗಿ ಮೊಬೈಲ್ ಬರುತ್ತಿದ್ದ ಕಾಲ. ಊರಿಗೆ ಚೆನ್ನೈ ಅಂತ ಹೆಸರಾಗಿದ್ದರೂ ನಾವಿನ್ನೂ ಮದರಾಸು ಅಂತಲೇ ಅನ್ನುತ್ತಿದ್ದೆವು.

೧. ಬಾಡಿಗೆ ಮನೆ

ಅಣ್ಣಾ ನಗರ್‌ನಲ್ಲಿ ಮಹಡಿ ಮನೆ ಕೇಳಲು ಹೋದೆವು. ಒಡತಿ ವಯಸ್ಸಾದ ಅಯ್ಯಂಗಾರ್ ಮಾಮಿ, ಭಾರೀ ಮಡಿ.

"ಮಾಂಸದ ಮಾತಿರಲಿ, ಈರುಳ್ಳಿಯೂ ಒಳಗೆ ಬರಕೂಡದು. ಏನಪ್ಪಾ ಕೆಲಸ?"

"ಪ್ರಾಣಿಗಳ ಟಾನಿಕ್ ಕಂಪನಿ ಮಾಮಿ, ಇಲ್ಲೇ ಹಾರ್ಬರ್ ಹತ್ತಿರ ಪ್ಯಾರೀಸ್‌ನಲ್ಲಿ ಆಫೀಸು."

"ಹಸು-ಕರುಗಳಿಗಾ?"

ಹೆಂಡತಿ ಹಿಂದಿನಿಂದ ಚಿವುಟಿದಳು. ನನ್ನ ತಲೆ ತಾನಾಗಿಯೇ ಆಡಿತು.

"ಗೋಸೇವೆ!" ಅಂತ ಮಾಮಿ ಕೈಮುಗಿದು ಬೀಗದಕೈ ಕೊಟ್ಟರು.

ದಿನಾ ನಲ್ಲಿ ನೀರು ಬರುವ ಮನೆ ಆ ಊರಲ್ಲಿ ಇನ್ನೆಲ್ಲಿ ಸಿಗಬೇಕು? "ರೀ, ಹಂದಿ ಅಂತ ಬಾಯಿ ಬಿಟ್ಟಿರೋ, ಮನೆ ಹೋಯ್ತು ಅಂತಲೇ," ಅಂದಳು ಹೆಂಡತಿ. ಅಂದಿನಿಂದ ಹಂದಿಗಳನ್ನೂ "ಅವರು" ಅನ್ನತೊಡಗಿದಳು. ಹೀಗೆ ನನಗೂ ಹಂದಿಗಳಿಗೂ ಮನೆಯಲ್ಲಿ ಒಂದೇ ಮರ್ಯಾದೆ ಆಯಿತು.

೨. ಲಂಗರು

ತಿರುವೊಟ್ಟಿಯೂರಿನ ಆಚೆ ಮೀನುಗಾರರೊಬ್ಬರು ಹೊಸದಾಗಿ ಹಂದಿ ಸಾಕಿದ್ದರು. ಮರಿಗಳು ಬಿಳಿಚಿಕೊಂಡು ಮೂಲೆ ಹಿಡಿದಿದ್ದವು.

"ತಾಯಿ ಹಾಲಲ್ಲಿ ಕಬ್ಬಿಣ ಸಾಲದು ಅಣ್ಣಾ, ನಾವೇ ಕೊಡಬೇಕು. ನಾಳೆ ತರ್ತೀನಿ," ಅಂದು ಬಂದೆ.

ಮಾರನೇ ದಿನ ಹೋದರೆ ಮರಿಗಳ ನೀರಿನ ತೊಟ್ಟಿಯಲ್ಲಿ ದೋಣಿಯ ಲಂಗರು!

"ನಿಮಗ್ಯಾಕೆ ತೊಂದರೆ ಅಂತ ನಾನೇ ಹಾಕಿದೆ ಸಾರ್," ಅಂದರು ಅವರು. "ಸಾಲದಿದ್ರೆ ಹೇಳಿ, ಹಾರ್ಬರ್‌ನಲ್ಲಿ ಇನ್ನೂ ದೊಡ್ಡದು ಸಿಗುತ್ತೆ."

೩. ಮಾಟ್ಟು ಪೊಂಗಲ್

ಲಂಗರು ತೆಗೆಸಿ, ಕಬ್ಬಿಣದ ಟಾನಿಕ್ಕು, ಹಾಲಿನ ಘಮದ ಪುಡಿ ಕೊಟ್ಟೆ. ಮರಿಗಳು ಮೈತುಂಬಿಕೊಂಡವು. ಆಮೇಲೆ ನಾನದನ್ನು ಮರೆತೇಬಿಟ್ಟಿದ್ದೆ.

ಹಸುಗಳಿಗೆ ಪೂಜೆ ಮಾಡುವ ಮಾಟ್ಟು ಪೊಂಗಲ್ ಬಂತು. ಮಾಮಿ ಹಾಲಿನವನ ಹಸುವನ್ನು ಗೇಟಿನ ಮುಂದೆ ನಿಲ್ಲಿಸಿ, "ಗೋಸೇವಕ ನೀನೇ ಆರತಿ ಎತ್ತಪ್ಪಾ," ಅಂತ ನನ್ನನ್ನು ಕರೆದರು. ಬೀದಿಯವರೆಲ್ಲ ಸೇರಿದ್ದರು.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಇಳಿದವರು ಅದೇ ಲಂಗರಿನ ಅಣ್ಣ! ಕೈಯಲ್ಲಿ ಬಿದಿರು ಬುಟ್ಟಿ, ಅದರೊಳಗಿಂದ ಕೀಂಯ್ ಅಂತ ಕೂಗು.

"ಸಾರ್, ನಿಮ್ಮ ಪುಡಿ ತಿಂದ ಹಂದಿಮರಿ! ಹೇಗೆ ಉಂಡೆ ಆಗಿದೆ ನೋಡಿ! ಹಬ್ಬದ ದಿನ ತೋರಿಸೋಣ ಅಂತ ಆಫೀಸಲ್ಲಿ ವಿಳಾಸ ಕೇಳಿಕೊಂಡೆ."

ನಾನು ಆರತಿ ತಟ್ಟೆಯನ್ನು ಬುಟ್ಟಿಗೆ ಅಡ್ಡ ಹಿಡಿದೆ. ಮಹಡಿ ಮೇಲಿಂದ "ಅಯ್ಯೋ ರಾಮಾ" ಅಂದದ್ದು ನನ್ನ ಹೆಂಡತಿ. ಮಾಮಿ ಬುಟ್ಟಿಯೊಳಗೆ ಬಗ್ಗಿ ನೋಡಿದರು, ನನ್ನನ್ನೂ ನೋಡಿದರು.

"ಮನೆ ಖಾಲಿ ಮಾಡ್ತೀವಿ ಮಾಮಿ, ಸ್ವಲ್ಪ ಟೈಮ್ ಕೊಡಿ," ಅಂದೆ.

ಮಾಮಿ ತಟ್ಟೆಯಿಂದ ಕುಂಕುಮ ತೆಗೆದು ಹಂದಿಮರಿಯ ಹಣೆಗಿಟ್ಟರು. "ನಮ್ಮ ಪೆರುಮಾಳೇ ವರಾಹನಾಗಿ ಬಂದು ಭೂಮಿತಾಯಿಯನ್ನ ಎತ್ತಿದ. ಬೇಡ ಅನ್ನೋಕೆ ನಾನು ಯಾರಪ್ಪಾ?"

ಕಣ್ಣಲ್ಲಿ ನೀರೇ ಬಂತು. ಕಾಲಿಗೆ ಬೀಳಲು ಬಗ್ಗಿದೆ.

"ಏಳು, ಏಳು," ಅಂದರು ಮಾಮಿ. "ಪೆರುಮಾಳ್ ಹತ್ತು ಅವತಾರ ಎತ್ತಿದಾನೆ. ಅದರಲ್ಲಿ ಈರುಳ್ಳಿ ಅವತಾರ ಇಲ್ಲ. ಹೋದ ಭಾನುವಾರ ಕಿಟಕಿ ಮುಚ್ಚಿಕೊಂಡು ಏನು ಹುರಿದಿರಿ, ಅದನ್ನ ಮೊದಲು ಹೇಳು!"